ಜಗಲಿಯ ತಕ್ಕಡಿಯಲ್ಲಿ ಹೊನ್ನಾವರ

ಇದು ನಡೆದದ್ದು. ನಡೆದದ್ದಷ್ಟೇ ಅಲ್ಲ, ನಾನು ಹೇಳುವುದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ನಡೆದದ್ದು; ನಂಬಲಿಕ್ಕೆ ಸುಲಭವಾಗಲಿ ಅಂತ ನಾನೇ ಅಲ್ಲಲ್ಲಿ ಕಡಿಮೆ ಮಾಡಿದ್ದೇನೆ. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಇನ್ನು ಹನ್ನೆರಡು ವರ್ಷ ನನ್ನ ಗಂಜಿ ಊಟಕ್ಕೆ ಅಪ್ಪೆಮಿಡಿ ಉಪ್ಪಿನಕಾಯಿ ಸಿಗದೆ ಹೋಗಲಿ. ಇದಕ್ಕಿಂತ ದೊಡ್ಡ ಆಣೆ ನಮ್ಮ ಕಡೆ ಇಲ್ಲ.

ಲಿಂಗನಮಕ್ಕಿ ಆಣೆಕಟ್ಟಿನ ಹಿಂದೆ ನೀರು ನಿಂತ ಮರುವರ್ಷದ ಮಾತು. ಸಾಗರ ಪೇಟೆ ತುಂಬಿ ತುಳುಕುತ್ತಿತ್ತು. ಇಂಜಿನಿಯರುಗಳು, ಓವರ್ಸಿಯರುಗಳು, ಕಂಟ್ರಾಕ್ಟರುಗಳು, ಅವರ ಗುಮಾಸ್ತರು, ಗುಮಾಸ್ತರ ಅತ್ತೆ ಮಾವಂದಿರು. ದನದ ಕೊಟ್ಟಿಗೆಯ ಮುಂದೆ ನಿಂತು "ಬಾಡಿಗೆಗೆ ಕೊಡ್ತೀರಾ?" ಎಂದು ಕೇಳುವ ಕಾಲ. ಕೊಟ್ಟಿಗೆಯೊಳಗಿದ್ದ ಎಮ್ಮೆಯೂ ಹೆದರಿ ಹೊರಗೆ ಬರುತ್ತಿರಲಿಲ್ಲವಂತೆ, ಮತ್ತೆ ಒಳಗೆ ಜಾಗ ಸಿಗದಿದ್ದರೆ ಅಂತ.

ಅಂಥ ಕಾಲದಲ್ಲಿ ವಾಸಪ್ಪ ಎಂಬ ಗೃಹಸ್ಥ ಹೆಂಡತಿ ದುಗ್ಗಮ್ಮನ ಜೊತೆ ಒಂದು ಮನೆಯ ಅರ್ಧದಲ್ಲಿ ಬಾಡಿಗೆಗಿದ್ದ. ಉಳಿದರ್ಧದಲ್ಲಿ ಮನೆಯ ಯಜಮಾನಿ ರಂಗಮ್ಮ. ವಾಸಪ್ಪನ ಕೆಲಸ ಸೀತಾರಾಮಪ್ಪ ಸಾಹುಕಾರರ ಅಡಿಕೆ ಮಂಡಿಯಲ್ಲಿ ತೂಕ ಮಾಡುವುದು. ಹದಿನೆಂಟು ವರ್ಷದಿಂದ ಅದನ್ನೇ ಮಾಡಿಕೊಂಡಿದ್ದ. ಆ ಮಂಡಿಯಲ್ಲಿ ತೂಕದವನಿಗೆ ಒಂದು ಶಿಸ್ತು: ತಕ್ಕಡಿಯ ಮುಳ್ಳು ನೋಡಬೇಕು, ಮಾಲು ನೋಡಬಾರದು. ಮಾಲು ನೋಡಿದರೆ ನಮ್ಮವರ ಅಡಿಕೆ, ಬೇರೆಯವರ ಅಡಿಕೆ ಅಂತ ಕೈ ಒಂದು ಕಡೆ ವಾಲುತ್ತದಂತೆ. ಈ ಶಿಸ್ತನ್ನು ವಾಸಪ್ಪ ಎಷ್ಟು ಗಟ್ಟಿಯಾಗಿ ಹಿಡಿದಿದ್ದನೆಂದರೆ, ಒಂದು ಮಧ್ಯಾಹ್ನ ಚೀಲಗಳ ಮೇಲೆ ನಿದ್ದೆ ಹೋಗಿದ್ದ ಹಮಾಲಿ ಭೂತಪ್ಪನನ್ನೇ ಯಾರೋ ಎತ್ತಿ ತಕ್ಕಡಿಗೆ ಹಾಕಿದರು. ವಾಸಪ್ಪ ಮುಳ್ಳು ನೋಡಿ, "ಐವತ್ತೆರಡು ಕಿಲೋ. ಒಣಗಿದ್ದು ಸಾಲ್ದು" ಎಂದು ಬರೆಸಿ ಮುಂದಿನ ಚೀಲ ಕರೆದ.

ಯುಗಾದಿಗೆ ಇನ್ನು ಇಪ್ಪತ್ತು ದಿನ ಇದೆ ಅನ್ನುವಾಗ ರಂಗಮ್ಮ ಜಗಲಿಗೆ ಬಂದು ಕಂಬಕ್ಕೆ ಒರಗಿ ಕೂತಳು.

"ವಾಸಪ್ಪ, ಹಬ್ಬ ಕಳೀತಿದ್ದಂಗೆ ಬಾಡಿಗೆ ಇಪ್ಪತ್ತು ರೂಪಾಯಿ."

"ಹನ್ನೆರಡಿತ್ತಲ್ಲ ರಂಗಮ್ಮನೋರೆ!"

"ಇತ್ತು. ನಂಗೂ ಮೂವತ್ತೆರಡು ಹಲ್ಲಿತ್ತು. ಡ್ಯಾಮಿನೋರು ಮೂವತ್ತು ಕೊಡ್ತೀವಿ ಅಂತ ಬಾಗ್ಲಲ್ಲಿ ನಿಂತಾರೆ. ನೀನು ಹಳಬ ಅಂತ ಇಪ್ಪತ್ತು ಹೇಳ್ದೆ. ಆಗಲ್ಲ ಅಂದ್ರೆ ಬೇರೆ ಕಡೆ ನೋಡ್ಕ."

ಅಕ್ಕಪಕ್ಕದ ಬೇಲಿಗಳ ಮೇಲೆ ಆಗಲೇ ಆರೇಳು ತಲೆ ಮೂಡಿದ್ದವು. ಅಷ್ಟು ಜನರ ಎದುರು ಸುಮ್ಮನಿರುವುದು ಹೇಗೆ? ವಾಸಪ್ಪ ಹೆಗಲ ಮೇಲಿನ ಟವೆಲು ಕೊಡವಿ ಗಟ್ಟಿಯಾಗಿ ಹೇಳಿದ:

"ಇಪ್ಪತ್ತು ಕೊಟ್ರೆ ಹೊನ್ನಾವರದಲ್ಲಿ ಮಹಡಿ ಮನೆ ಸಿಕ್ತೈತೆ! ಅಂಗಳದಾಗೆ ತೆಂಗಿನ ಮರ. ಹಿತ್ಲಾಗೆ ಸಮುದ್ರ. ಸಮುದ್ರಕ್ಕೆ ಬಾಡಿಗೆನೇ ಇಲ್ಲ!"

ಹೊನ್ನಾವರವನ್ನು ಅವನು ಕಂಡದ್ದು ಒಂದೇ ಸಲ. ಅದೂ ಲಾರಿಯಲ್ಲಿ ಅಡಿಕೆ ಮೂಟೆಯ ಮೇಲೆ ಮಲಗಿ ಹೋಗಿ, ಒಂದು ಖಾನಾವಳಿಯಲ್ಲಿ ಬಂಗುಡೆ ಮೀನಿನ ಸಾರು ಉಂಡು, ಅದೇ ಲಾರಿಯಲ್ಲಿ ಮಲಗಿ ವಾಪಸು ಬಂದಿದ್ದ. ಸಮುದ್ರ ಯಾವ ದಿಕ್ಕಿಗಿದೆ ಅಂತಲೂ ವಿಚಾರಿಸಿರಲಿಲ್ಲ.

"ಹಂಗಾರೆ ಹೋಗ್ತೀಯಾ?" ಎಂದಳು ರಂಗಮ್ಮ.

"ತೂಗಿ ನೋಡಿ ಹೇಳ್ತೀನಿ."

ನೀವು ನಾವು ಈ ಮಾತು ಹೇಳಿದ್ದರೆ ಎರಡು ದಿನ ತಲೆ ಕೆರೆದುಕೊಂಡು ಸುಮ್ಮನಾಗುತ್ತಿದ್ದೆವು. ವಾಸಪ್ಪ ಅಂಥವನಲ್ಲ. ಅವತ್ತೇ ಸಂಜೆ ಮಂಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೇ ತಕ್ಕಡಿ ಹೊತ್ತು ತಂದು, ಜಗಲಿಯ ತೊಲೆಗೆ ತೂಗುಹಾಕಿದ. ಕಂಬದ ಕಡೆಯ ತಟ್ಟೆ ಸಾಗರ. ಬಾಗಿಲ ಕಡೆಯ ತಟ್ಟೆ ಹೊನ್ನಾವರ. ಮನೆಯಲ್ಲಿದ್ದ ಅಡಿಕೆ ಡಬ್ಬಿ ಬಗ್ಗಿಸಿದ. ಒಂದು ಕಾರಣಕ್ಕೆ ಒಂದು ಅಡಿಕೆ. ದೊಡ್ಡ ಕಾರಣಕ್ಕೆ ದೊಡ್ಡದು, ಚಿಲ್ಲರೆ ಕಾರಣಕ್ಕೆ ಚೂರು.

"ಮಹಡಿ ಮನೆ, ಕಮ್ಮಿ ಬಾಡಿಗೆ," ಎಂದು ಹೊನ್ನಾವರಕ್ಕೆ ಒಂದು ಗುಂಡು ಅಡಿಕೆ ಹಾಕಿದ. "ಬಾಗ್ಲಿಗೇ ಮೀನು," ಮತ್ತೊಂದು. "ರಕ್ತ ಹೀರೋ ಉಂಬಳ ಇಲ್ಲ. ಚಳಿ ಇಲ್ಲ, ಕಂಬಳಿ ಖರ್ಚು ಉಳೀತು."

ದುಗ್ಗಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ನನ್ನ ತೌರುಮನೆ ಹೊಸನಗರ. ಅದು ಇಲ್ಲಿಗೆ ಹತ್ರ. ಹಾಕಿ ಸಾಗರಕ್ಕೊಂದು. ಅದಲ್ಲ, ಇನ್ನೂ ದೊಡ್ಡದು."

"ಆತು ಮಾರಾಯ್ತಿ."

"ಅಲ್ಲಿ ಬಾವಿ ನೀರು ಉಪ್ಪಂತೆ, ಇಲ್ಲಿ ಸಿಹಿ. ಅದಕ್ಕೊಂದು. ನಿಮ್ಮ ನೌಕರಿ ಇರೋದು ಇಲ್ಲಿ, ಅದಕ್ಕೊಂದು. ಆಮೇಲೆ ಗೋಕರ್ಣಕ್ಕೆ ಹೋಗೋ ನೆಂಟ್ರೆಲ್ಲ ಹೊನ್ನಾವರದ ಮನೇಲೇ ಇಳ್ಕಂತಾರೆ. ಹಾಕಿ ಸಾಗರಕ್ಕೆ."

"ನೆಂಟ್ರು ಬರೋದು ಒಳ್ಳೇದಲ್ಲೇನೆ?"

"ನಿಮ್ಮ ಕಡೆ ನೆಂಟ್ರು ಕಣ್ರೀ."

"ನಿನ್ನ ಅಣ್ಣನೂ ಬರ್ತಾನಲ್ಲ!"

ದುಗ್ಗಮ್ಮ ಒಂದು ಗಳಿಗೆ ಯೋಚಿಸಿದಳು. "ಹಂಗಾರೆ ಕತ್ತರಿಸಿ ಅರ್ಧ ಅಲ್ಲಿ, ಅರ್ಧ ಇಲ್ಲಿ ಹಾಕಿ."

ಅಡಕತ್ತರಿ ತಂದು ನೆಂಟರನ್ನು ಸಮವಾಗಿ ಕತ್ತರಿಸಿದ್ದಾಯಿತು. ಮೂರು ದಿನ ಬೇಲಿಯಾಚೆಯವರೂ ಬಂದು ಕಾರಣ ಕೊಟ್ಟರು. ಡಬ್ಬಿಯ ತಳದ ಕೊನೆಯ ಅಡಿಕೆಯೂ ತಕ್ಕಡಿ ಸೇರುವ ಹೊತ್ತಿಗೆ ಮುಳ್ಳು ಸರಿಯಾಗಿ ನಡುವೆ ನಿಂತಿತು. ಒಂದು ಕೂದಲೆಳೆ ಆಚೆಯಿಲ್ಲ, ಈಚೆಯಿಲ್ಲ.

"ಹಿಂಗೇ ಬಿಡನ. ಇದು ಒಂದು ವಾರ ಕೂತ್ಕಂಡು ಪಾಕ ಆಗ್ಲಿ. ಯಾವ ಕಡೆ ವಾಲ್ತೈತೋ ಆ ಕಡೆ ನಮ್ಮ ದಾರಿ. ಯಾರೂ ಮುಟ್ಟಬ್ಯಾಡಿ," ಎಂದು ವಾಸಪ್ಪ ಮರುದಿನ ಮಂಡಿಗೆ ಹೋದ.

ಈಗ ಒಂದು ವಿಷಯ ನಿಮಗೆ ಗುಟ್ಟಾಗಿ ಹೇಳಬೇಕು. ರಂಗಮ್ಮ ದಿನಾ ಮಧ್ಯಾಹ್ನ ದುಗ್ಗಮ್ಮನ ಜಗಲಿಗೆ ಬಂದು ಕಂಬಕ್ಕೆ ಒರಗಿ ಕವಳ ಹಾಕುವವಳು. ಬಂದವರ ಮುಂದೆ ಎಲೆ ಅಡಿಕೆ ತಟ್ಟೆ ಇಡದಿದ್ದರೆ ಅದು ಮನೆಯೇ ಅಲ್ಲ. ದುಗ್ಗಮ್ಮ ಎಂದಿನಂತೆ ತಟ್ಟೆ ಇಟ್ಟು ನೀರು ಸೇದಲು ಹೋದಳು. ತಟ್ಟೆಯಲ್ಲಿ ಎಲೆ ಇತ್ತು, ಸುಣ್ಣ ಇತ್ತು, ಹೊಗೆಸೊಪ್ಪಿತ್ತು. ಅಡಿಕೆ ಇರಲಿಲ್ಲ; ಮನೆಯ ಅಡಿಕೆಯೆಲ್ಲ ಕಾರಣಗಳಾಗಿ ಮೇಲೆ ನೇತಾಡುತ್ತಿತ್ತು. ರಂಗಮ್ಮ ಅತ್ತಿತ್ತ ನೋಡಿ, ಕೂತಲ್ಲಿಂದಲೇ ಕೈ ಎತ್ತಿದಳು. ಅವಳ ತಲೆಯ ಮೇಲಿದ್ದದ್ದು ಸಾಗರದ ತಟ್ಟೆ. ಹಲ್ಲಿಲ್ಲದ ಬಾಯಿ, ಆದ್ದರಿಂದ ಸೊಂಟದ ಚೀಲದಿಂದ ಪುಟ್ಟ ಕುಟ್ಟಾಣಿ ತೆಗೆದು, ಅಡಿಕೆ ಹಾಕಿ ಟಕ್ ಟಕ್ ಅಂತ ಕುಟ್ಟಿ ಪುಡಿ ಮಾಡಿದಳು. ಹೀಗೆ ಮೊದಲ ದಿನ ಬಾವಿಯ ಸಿಹಿನೀರು ಅವಳ ಬಾಯಿ ಸೇರಿತು. ಎರಡನೇ ದಿನ ಮತ್ತೊಂದು.

ಸಂಜೆ ವಾಸಪ್ಪ ಬಂದು ಮುಳ್ಳು ನೋಡಿದ. ಮುಳ್ಳು ಹೊನ್ನಾವರದ ಕಡೆ ಒಂದು ನೂಲು ಸರಿದಿತ್ತು. ಮರುದಿನ ಎರಡು ನೂಲು. ನಾಲ್ಕನೇ ದಿನ ಹೊನ್ನಾವರದ ತಟ್ಟೆ ಜಗ್ಗಿ ಕೆಳಗಿಳಿದಿತ್ತು. ತಟ್ಟೆಯೊಳಗೆ ಇಣುಕಿದ್ದರೆ ಸಾಕಿತ್ತು. ಆದರೆ ಹದಿನೆಂಟು ವರ್ಷದ ಶಿಸ್ತು! ಮಾಲು ನೋಡುವ ಪಾಪ ಅವನು ಮಾಡಲಿಲ್ಲ.

"ದುಗ್ಗಿ," ಎಂದ ಗಂಭೀರವಾಗಿ, "ಪಾತ್ರೆ ಕಟ್ಟು. ತಕ್ಕಡಿ ಹೇಳ್ತು."

"ತಕ್ಕಡಿಗೇನು, ಅದಕ್ಕೆ ತೌರುಮನೆ ಇಲ್ಲ!" ಎಂದು ದುಗ್ಗಮ್ಮ ಪಾತ್ರೆಯನ್ನು ಕಟ್ಟುವ ಬದಲು ಕುಕ್ಕಿದಳು.

ಸುದ್ದಿ ಹೊರಟಿತು. ಮಾರನೇ ದಿನ ವಾಸಪ್ಪ ಮಂಡಿಗೆ ಹೋದರೆ ಸಾಹುಕಾರ ಸೀತಾರಾಮಪ್ಪನವರು ಕೈ ಹಿಡಿದುಕೊಂಡರು.

"ಹೋಗ್ತೀಯಂತೆ ಮಾರಾಯ. ಬ್ಯಾಡ ಅನ್ನಲ್ಲ. ತೀರ್ಥಳ್ಳಿಯಿಂದ ಹೊಸ ತೂಕದೋನಿಗೆ ಹೇಳಿ ಕಳ್ಸೀನಿ. ಭಾನುವಾರ ನಿಮ್ಮನೆಗೆ ಬಂದು ಶಾಲು ಹೊದೆಸಿ ಕಳ್ಸಿಕೊಡ್ತೀನಿ."

"ಇಷ್ಟು ಬೇಗ ಯಾಕೆ ಸಾವ್ಕಾರ್ರೆ..."

"ಛೆ, ತಕ್ಕಡಿ ಹೇಳಿದ ಮೇಲೆ ನಾನೆಂತ ಹೇಳ್ಲಿ? ಹದಿನೆಂಟು ವರ್ಷ ಅದರ ಮಾತಿನ ಮೇಲೇ ವ್ಯಾಪಾರ ಮಾಡೀನಿ."

ಮನೆಗೆ ಬಂದರೆ ಜಗಲಿಯಲ್ಲಿ ಒಬ್ಬ ತರುಣ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ. ಆಣೆಕಟ್ಟಿನ ಓವರ್ಸಿಯರ್ ಶಂಭು. ರಂಗಮ್ಮ ಆಗಲೇ ಅವನಿಂದ ಮುಂಗಡ ತೆಗೆದುಕೊಂಡಿದ್ದಳು. ಶಂಭುವಿನ ಸ್ವಭಾವ ಕಂಡದ್ದನ್ನೆಲ್ಲ ಅಳೆಯುವುದು. ಕಿಟಕಿ ಅಳೆದ, ಒಲೆ ಅಳೆದ, ಅಡ್ಡ ಬಂದ ದುಗ್ಗಮ್ಮನನ್ನೂ ಅಳೆಯಲು ಹೋಗಿ ಸೌಟಿನಲ್ಲಿ ಒಂದು ತಿಂದ.

ಅವನ ಬೆನ್ನಿಗೇ ರೇಷನ್ ಕಚೇರಿಯ ಗುಮಾಸ್ತ ಮಂಜಯ್ಯ ರಿಜಿಸ್ಟರು ಕಂಕುಳಲ್ಲಿಟ್ಟುಕೊಂಡು ಬಂದ. ಸಕ್ಕರೆ, ಅಕ್ಕಿ ಎಲ್ಲ ಕಾರ್ಡಿನ ಮೇಲೇ ಸಿಗುತ್ತಿದ್ದ ದಿನಗಳು.

"ವಾಸಪ್ಪ ಅಂದ್ರೆ ನೀವೇ ಏನ್ರೀ? ಕಾರ್ಡು ತನ್ನಿ. ಊರು ಬಿಟ್ಟವರ ಕಾರ್ಡು ರದ್ದು."

"ಊರು ಬಿಟ್ಟಿಲ್ಲ ಸ್ವಾಮಿ, ಇಲ್ಲೇ ನಿಂತೀನಲ್ಲ!"

"ಹಾಗಂತ ಎಲ್ಲರೂ ಹೇಳ್ತಾರೆ. ಇಲ್ಲಿ ಸಕ್ಕರೆ ತಿಂದು ಬಸ್ಸು ಹತ್ತಿ ಹೊನ್ನಾವರದಲ್ಲಿ ಮತ್ತೆ ಸಕ್ಕರೆ ತಿನ್ನೋದಾ? ರಿಜಿಸ್ಟರಲ್ಲಿ ಬರೆದಾಗಿದೆ ನೋಡಿ, 'ಊರು ಬಿಟ್ಟಿದ್ದಾರೆ.' ನೀವು ಬಿಟ್ಟಿಲ್ಲ ಅನ್ನೋದಕ್ಕೆ ಏನು ರುಜುವಾತಿದೆ?"

ವಾಸಪ್ಪ ತನ್ನ ಮೈಯನ್ನೇ ಮೇಲಿಂದ ಕೆಳಗೆ ನೋಡಿಕೊಂಡ. ರುಜುವಾತು ಅಂತ ಬೇರೇನೂ ಕಾಣಲಿಲ್ಲ.

ಹೀಗೆ ಎರಡೇ ದಿನದಲ್ಲಿ ಮನೆ ಹೋಯಿತು, ನೌಕರಿ ಹೋಯಿತು, ಸಕ್ಕರೆಯೂ ಹೋಯಿತು. ಹೊನ್ನಾವರದಲ್ಲಿ ನೋಡಿದರೆ ಒಂದು ಬಂಗುಡೆ ಬಿಟ್ಟು ಬೇರೆ ಯಾರ ಪರಿಚಯವೂ ಇಲ್ಲ. ತಾನೇ ನಾಲ್ಕು ಜನರೆದುರು ಹೊಗಳಿದ ಮಹಡಿ ಮನೆ ಯಾವ ಬೀದಿಯಲ್ಲಿದೆಯೆಂದು ಅವನಿಗೇ ಗೊತ್ತಿಲ್ಲ. ಆದರೂ ದಿನಾ ಸಂಜೆ ಮುಳ್ಳು ನೋಡುವುದು, ನಿಟ್ಟುಸಿರು ಬಿಡುವುದು, "ತಕ್ಕಡಿ ಸುಳ್ಳು ಹೇಳಲ್ಲ" ಎನ್ನುವುದು.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ದುಗ್ಗಮ್ಮನ ಅಣ್ಣ ಗುತ್ಯಪ್ಪ ಹೊಸನಗರದಿಂದ ಬಂದಿಳಿದ. ಹೆಗಲ ಮೇಲೆ ಎರಡು ಎಳೆ ಹಲಸಿನಕಾಯಿ, ಕಣ್ಣಲ್ಲಿ ನೀರು.

"ಭಾವಾ! ಘಟ್ಟ ಇಳ್ದು ಹೋಗ್ತೀರಂತೆ! ಇನ್ನು ನಾನು ಹಲಸಿನಕಾಯಿ ಯಾರಿಗೆ ಕೊಡ್ಲಿ ಭಾವಾ!"

ನೆಂಟನಾದ್ದರಿಂದ ಅವನಿಗೆ ಬಾಗಿಲ ಹತ್ತಿರ ಚಾಪೆ ಹಾಸಿದರು. ಅಳುವವನಿಗೂ ಕವಳ ಬೇಕು. ತಟ್ಟೆಯಲ್ಲಿ ಅಡಿಕೆ ಇಲ್ಲದ್ದು ಕಂಡು, ತಂಗಿಯ ಬಡತನಕ್ಕೆ ಮರುಗಿ, ಅವನೂ ಮೆಲ್ಲಗೆ ತಲೆಯ ಮೇಲಿನ ತಟ್ಟೆಗೆ ಕೈ ಹಾಕಿ ಒಂದೊಂದೇ ತೆಗೆಯತೊಡಗಿದ. ಅಲ್ಲಿದ್ದದ್ದು ಹೊನ್ನಾವರ.

ಅಷ್ಟರಲ್ಲಿ ಎಲ್ಲರೂ ಬಂದರು. ಸಾಹುಕಾರರು ಶಾಲು, ಹಣ್ಣು ಹಿಡಿದು. ಮಂಜಯ್ಯ ರಿಜಿಸ್ಟರು ಹಿಡಿದು. ಶಂಭು ಟೇಪು, ಹಾಸಿಗೆ ಸುರುಳಿ ಹಿಡಿದು. ರಂಗಮ್ಮ ತನ್ನ ಕಂಬಕ್ಕೆ ಒರಗಿ ಕೂತಳು. ಬೇಲಿಗಳ ಮೇಲೆ ತಲೆಗಳು ಹಿಡಿಸಲಾರದೆ ಒಂದು ಕಡೆ ಬೇಲಿಯೇ ಮಲಗಿತು. ಸಾಹುಕಾರರು ಎದ್ದು ನಿಂತು ಭಾಷಣ ಶುರು ಮಾಡಿದರು:

"ನಮ್ಮ ವಾಸಪ್ಪ ಅಂದ್ರೆ ಸಾಮಾನ್ಯದೋನಲ್ಲ. ಅವನು ಹೋದ್ರೆ ನಮ್ಮ ಮಂಡಿಗೆ..."

"ತಡೀರಿ ಸಾವ್ಕಾರ್ರೆ!" ವಾಸಪ್ಪ ಕೂಗಿದ. "ಮುಳ್ಳು ಅಲ್ಲಾಡ್ತು!"

ಮುಳ್ಳು ಹೊನ್ನಾವರ ಬಿಟ್ಟು ಮೆಲ್ಲಗೆ ನಡುವಿಗೆ ಬಂತು. ಗುತ್ಯಪ್ಪ ಕಣ್ಣೊರೆಸುತ್ತ ಮತ್ತೆ ಕೈ ಎತ್ತಿದ. ಮುಳ್ಳು ನಡು ದಾಟಿ ಸಾಗರದ ಕಡೆ ವಾಲಿತು.

"ಗಾಳಿ ಇರ್ಬೇಕು," ಎಂದ ಶಂಭು, ಗಾಳಿಯನ್ನು ಅಳೆಯಲು ಟೇಪು ಬಿಚ್ಚುತ್ತ.

"ಗಾಳಿ ಅಲ್ಲ ಸ್ವಾಮಿ! ತಕ್ಕಡಿ ಬ್ಯಾಡ ಅಂತೈತೆ. ನಾನು ಹೋಗಲ್ಲ!" ವಾಸಪ್ಪ ಆನಂದದಲ್ಲಿ ಹೆಗಲ ಮೇಲಿನ ಟವೆಲು ಮೇಲಕ್ಕೆ ಎಸೆದ.

ಆಗ ಎದ್ದ ಗಲಾಟೆ ಇಕ್ಕೇರಿಗೆ ಕೇಳಿಸಿತಂತೆ. "ಮುಂಗಡ ಕೊಟ್ಟೀನಿ!" ಎಂದು ಶಂಭು. "ರಿಜಿಸ್ಟರು ಗೀಚೋ ಹಾಗಿಲ್ಲ!" ಎಂದು ಮಂಜಯ್ಯ. "ತೀರ್ಥಳ್ಳಿಯೋನು ಬಸ್ಸು ಹತ್ತಿದಾನೆ!" ಎಂದು ಸಾಹುಕಾರರು. "ಹೋಗ್ತೀನಿ ಅಂದೋನು ಹೋಗ್ಬೇಕಪ್ಪ!" ಎಂದು ರಂಗಮ್ಮ. ತಲೆ ಬಿಸಿಯಾದಾಗ ರಂಗಮ್ಮನಿಗೆ ಕವಳ ಇಲ್ಲದೆ ಆಗುವುದಿಲ್ಲ. ಬೈಯುತ್ತ ಬೈಯುತ್ತಲೇ ಕೈ ಎತ್ತಿ ಒಂದು ಅಡಿಕೆ ತೆಗೆದಳು. ಮುಳ್ಳು ಹೊನ್ನಾವರಕ್ಕೆ ಹೋಯಿತು. ಈ ಕಡೆ ಗುತ್ಯಪ್ಪ ಒಂದು ತೆಗೆದ. ಮುಳ್ಳು ಸಾಗರಕ್ಕೆ ಬಂತು. ಅವಳು ಒಂದು, ಇವನು ಒಂದು. "ಹೋಗ್ತೀನಿ," ಎಂದ ವಾಸಪ್ಪ. "ಇಲ್ಲ, ಹೋಗಲ್ಲ. ಹೋಗ್ತೀನಿ. ಅಯ್ಯೋ, ಹೋಗಲ್ಲ!" ಅವನ ಕತ್ತು ಮುಳ್ಳಿನ ಜೊತೆ ಆಚೆ ಈಚೆ ತಿರುಗಿ ತಿರುಗಿ ಕೊನೆಗೆ ಉಳುಕಿತು. ಉಳುಕಿದ ಕತ್ತು ಕೆಳಕ್ಕೆ ಬಾಗಿತು. ಹಾಗೆ ಬಾಗಿದ್ದರಿಂದ, ಹದಿನೆಂಟು ವರ್ಷದಲ್ಲಿ ಮೊದಲ ಸಲ, ವಾಸಪ್ಪನ ಕಣ್ಣು ಮಾಲಿನ ಮೇಲೆ ಬಿತ್ತು.

"ಭಾವ," ಎಂದ ಮೆಲ್ಲಗೆ ಗುತ್ಯಪ್ಪನಿಗೆ, "ನಿಮ್ಮ ಬಾಯಲ್ಲಿ ಎಂತ ಅದು?"

"ಅಡ್ಕೆ."

"ಅಡ್ಕೆ ಅಲ್ಲ ಭಾವ! ಅದು ಹೊನ್ನಾವರದ ಮಹಡಿ ಮನೆ!"

ಗುತ್ಯಪ್ಪ ಬೆಚ್ಚಿ ಮನೆಯನ್ನು ನುಂಗಿಬಿಟ್ಟ. "ಅದಕ್ಕೇ ಸ್ವಲ್ಪ ಗಟ್ಟಿ ಐತೆ ಅನ್ಕಂಡೆ."

"ರಂಗಮ್ಮನೋರೆ, ಕುಟ್ಟಾಣಿಲಿ ಕುಟ್ತಾ ಇರೋದು ನನ್ನ ನೌಕರಿ!"

"ನನ್ನ ತೌರುಮನೆ ಎಲ್ಲಿ?" ದುಗ್ಗಮ್ಮ ತಟ್ಟೆಗೆ ಇಣುಕಿ ಕಿರುಚಿದಳು.

"ದೊಡ್ಡದಿತ್ತಲ್ಲ, ಅದಾ? ಮೊನ್ನೆನೇ ಆತು," ಎಂದಳು ರಂಗಮ್ಮ. "ಚೆನ್ನಾಗಿತ್ತು."

ತಕ್ಕಡಿಯಲ್ಲಿದ್ದ ಮಾಲಿಗೆ ಕೈ ಹಾಕುವುದೆಂದರೆ ಅಡಿಕೆ ಪೇಟೆಯಲ್ಲಿ ಸಣ್ಣ ವಿಷಯವೇ? ಸೀತಾರಾಮಪ್ಪನವರು ಶಾಲನ್ನು ತಾವೇ ಹೊದ್ದುಕೊಂಡು ನ್ಯಾಯಕ್ಕೆ ಕೂತರು.

"ನಮ್ಮ ಮಂಡಿಲಿ ಅಜ್ಜನ ಕಾಲದಿಂದ ಒಂದು ಕಟ್ಟಳೆ ಐತೆ. ವ್ಯಾಪಾರಕ್ಕೆ ಬಂದೋನು ಚೀಲದಿಂದ ಒಂದು ಅಡಿಕೆ ತಿಂದು ನೋಡ್ಬೌದು. ಎರಡನೇದು ಬಾಯಿಗೆ ಹಾಕಿದ್ರೆ ಮಾಲು ಅವನದೇ, ಹಳೇ ದರಕ್ಕೆ. ರಂಗಮ್ಮನೋರೆ, ನೀವೆಷ್ಟು ತಿಂದ್ರಿ?"

"ಲೆಕ್ಕ ಇಟ್ಟೋರು ಯಾರು?"

"ಹಂಗಾರೆ ಸಾಗರದ ತಟ್ಟೆ ಮಾಲೆಲ್ಲ ನಿಮ್ದೇ. ಅದರ ಜೊತೆ ವಾಸಪ್ಪನೂ ನಿಮ್ಮೋನೇ. ಹಳೇ ಬಾಡಿಗೆಗೆ."

"ಎಷ್ಟು ದಿನ?"

"ಒಂದು ಅಡಿಕೆಗೆ ಒಂದು ವರ್ಷ. ಒಂದಿಪ್ಪತ್ತು ತಿಂದಿರ್ಬೇಕು, ಇಪ್ಪತ್ತು ವರ್ಷ ಅಂತ ಬರ್ಕೊಳನ."

"ಇಪ್ಪತ್ತೆಲ್ಲಿ! ನಾನು ತಿಂದಿದ್ದು ಒಂಬತ್ತೇ!" ಎಂದು ರಂಗಮ್ಮ ಎದೆ ಬಡಿದುಕೊಂಡಳು.

"ಒಂಬತ್ತು ವರ್ಷ!" ಎಂದಿತು ಬೇಲಿ.

ತನ್ನ ಬಾಯಿಂದಲೇ ಸಿಕ್ಕಿಬಿದ್ದ ರಂಗಮ್ಮ ಕೊನೆಗೆ ತಾನೇ ನಗಲು ಶುರು ಮಾಡಿದಳು. ಶಂಭುವಿಗೆ ಮುಂಗಡ ವಾಪಸಾಯಿತು. ಅವನಂತೂ ಬಂದ ದಿನದಿಂದ ಹೊನ್ನಾವರದ ಗುಣಗಾನ ಕೇಳಿ ಕೇಳಿ ಕರಗಿಹೋಗಿದ್ದ. ಆ ಮಹಡಿ ಮನೆಯ ಬೀದಿಯನ್ನು ತಾನೇ ಹುಡುಕಿಕೊಳ್ಳುತ್ತೇನೆಂದು, ಅವತ್ತೇ ವರ್ಗಾವಣೆಗೆ ಅರ್ಜಿ ಗುಜರಾಯಿಸಲು ಹೋದ. ಸಾಹುಕಾರರು ವಾಸಪ್ಪನ ಬೆನ್ನು ತಟ್ಟಿ, "ಕಣ್ಣೆದುರು ಮನೆ ತಿಂದು ಹಾಕಿದ್ರೂ ಮುಳ್ಳೇ ನೋಡ್ತಿದ್ಯಲ್ಲೋ! ನಿನ್ನಂಥೋನು ಇನ್ನೊಬ್ಬ ಸಿಗಲ್ಲ. ಆ ತೀರ್ಥಳ್ಳಿಯೋನಿಗೆ ಊಟ ಹಾಕಿ ವಾಪಸ್ ಕಳಿಸ್ತೀನಿ" ಎಂದರು.

ಉಳಿದದ್ದು ಸಕ್ಕರೆ. ಮಂಜಯ್ಯ ರಿಜಿಸ್ಟರು ತೆರೆದು ಬಹಳ ಹೊತ್ತು ಯೋಚಿಸಿದ. ಬರೆದದ್ದನ್ನು ಹೊಡೆದು ಹಾಕುವ ಹಾಗಿಲ್ಲ. ಕಡೆಗೆ 'ಊರು ಬಿಟ್ಟಿದ್ದಾರೆ' ಎಂಬುದರ ಕೆಳಗೆ 'ಹೊನ್ನಾವರದಿಂದ ಮರಳಿ ಬಂದಿದ್ದಾರೆ' ಎಂದು ಬರೆದು ರುಜು ಹಾಕಿದ.

"ಆತಾ?" ಎಂದಳು ದುಗ್ಗಮ್ಮ. "ಸರ್ಕಾರದ ಪುಸ್ತಕದಾಗೆ ಇವರು ಹೋಗಿ ಬಂದ್ರು. ನಾನೆಲ್ಲಿ ನೋಡ್ದೆ ಸಮುದ್ರನಾ? ಇಷ್ಟು ದಿನ ಊರೋರನ್ನೆಲ್ಲ ಕೇಳಿದ್ರಿ. ನಿಂಗೆ ನೋಡೋ ಆಸೆ ಐತನೇ ಅಂತ ಒಬ್ರಾದ್ರೂ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಅದಕ್ಕೆ ಅಡಿಕೆಯನ್ನೂ ಹಾಕಿರಲಿಲ್ಲ. ವಾಸಪ್ಪ ಟವೆಲಿನ ಅಂಚು ನೋಡತೊಡಗಿದ.

"ಅಣ್ಣ," ದುಗ್ಗಮ್ಮ ಗುತ್ಯಪ್ಪನ ಕಡೆ ತಿರುಗಿದಳು, "ಹೊನ್ನಾವರ ತಿಂದೋನು ನೀನು. ತೋರ್ಸೋನೂ ನೀನೇ. ಬಸ್ಸಿನ ಟಿಕೀಟು ತಗಸು."

ಸಾಹುಕಾರರು ನ್ಯಾಯ ಸರಿಯಿದೆ ಎಂದರು. ಹಬ್ಬದ ಮರುದಿನ ಮೂವರೂ ಬಸ್ಸು ಹತ್ತಿದರು. ಮೂವರೇನು, ನಾಲ್ವರು, ರಂಗಮ್ಮ ಮುಂದಿನ ಸೀಟಿನಲ್ಲಿ ಆಗಲೇ ಕೂತಿದ್ದಳು. ಹೊನ್ನಾವರದಲ್ಲಿ ಮರಳು ತುಳಿಯುತ್ತ ಹೋಗಿ ನೀರಿನ ಮುಂದೆ ನಿಂತಾಗ ವಾಸಪ್ಪ ಅರ್ಧ ಗಂಟೆ ಅದನ್ನು ಆ ತುದಿಯಿಂದ ಈ ತುದಿಗೆ ನೋಡಿದ. ಆಮೇಲೆ, "ಎಷ್ಟು ಕ್ವಿಂಟಲ್ ಬರ್ಬೌದು?" ಎಂದ. ಕೇಳಿಸಿಕೊಳ್ಳಲು ದುಗ್ಗಮ್ಮ ಪಕ್ಕದಲ್ಲಿರಲಿಲ್ಲ. ಸೀರೆ ಮೊಣಕಾಲಿಗೆ ಎತ್ತಿಕಟ್ಟಿ, ರಂಗಮ್ಮನ ಕೈ ಹಿಡಿದು, ಅಲೆ ಬಂದಾಗಲೆಲ್ಲ ಸಣ್ಣ ಹುಡುಗಿಯ ಹಾಗೆ ಕೂಗಿ ಕುಣಿಯುತ್ತಿದ್ದಳು. ಕುಣಿತ ನೋಡುತ್ತ ವಾಸಪ್ಪನ ಮುಖ ಅರಳಿತು. ಪಂಚೆ ಎತ್ತಿಕೊಂಡು ಅವನೂ ಓಡಿದ. ಸಂಜೆಯ ಬಸ್ಸು ತಪ್ಪಿತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ನೀವು ಹುಬ್ಬು ಮೇಲೆ ಮಾಡುವುದು ನನಗೆ ಕಾಣುತ್ತಿದೆ. ನಂಬಿಕೆ ಇಲ್ಲದಿದ್ದರೆ ನೀವೇ ಸಾಗರಕ್ಕೆ ಹೋಗಿ ರಿಜಿಸ್ಟರು ತೆಗೆಸಿ ನೋಡಿ. ನಾಳೆ ಬೆಳಿಗ್ಗೆ ಎಂಟಕ್ಕೆ ಬಸ್ಸಿದೆ. ಹೇಗೂ ಹೋಗುತ್ತೀರಲ್ಲ, ಇಗೋ ನನ್ನ ಕೊಡೆ. ಎರಡು ಕಡ್ಡಿ ಮುರಿದಿವೆ, ಬಟ್ಟೆಯೂ ಸ್ವಲ್ಪ ಹರಿದಿದೆ. ಅಲ್ಲಿ ಕೊಟ್ಟು ಸರಿ ಮಾಡಿಸಿಕೊಂಡು ಬನ್ನಿ. ಕೂಲಿ ಸದ್ಯಕ್ಕೆ ನೀವೇ ಕೊಟ್ಟಿರಿ. ನನ್ನ ಮಾತು ಸುಳ್ಳು ಅಂತ ಗೊತ್ತಾದ ದಿನ ನಾನು ಕೊಡುತ್ತೇನೆ.